ಮಾಡು, ಕಿಟಕಿ, ಮಳೆನೀರು, ಸೋಲಾರ್: ಮಂಗಳೂರು–ಉಡುಪಿಯಲ್ಲಿ ಮನೆ ಕಟ್ಟುವವರಿಗೆ, ರಿಪೇರಿ ಮಾಡಿಸುವವರಿಗೆ ಇಂಧನ ನಿಯಮಗಳ ಮಾರ್ಗದರ್ಶಿ

ಮನೆ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಕಲ್ಲಿನ ದರ, ಹೊಯಿಗೆಯ (ಮರಳಿನ) ದರ, ಮೇಸ್ತ್ರಿಯ ಸಂಬಳ. ಸೋಲಾರ್, ಮಳೆಕೊಯ್ಲು, ಬಿಸಿಲು ತಡೆಯುವ ಮಾಡು (ಛಾವಣಿ) ಇವೆಲ್ಲ ನೆನಪಾಗುವುದು ಗೃಹಪ್ರವೇಶದ ದಿನ ಗೊತ್ತಾದ ಮೇಲೆ. ಅಷ್ಟರಲ್ಲಿ ಸ್ಲ್ಯಾಬ್ ಆಗಿರುತ್ತದೆ, ಪೈಪುಗಳು ಗೋಡೆಯೊಳಗೆ ಮುಚ್ಚಿಹೋಗಿರುತ್ತವೆ, ಬಜೆಟ್ ಮುಗಿದಿರುತ್ತದೆ. ನಿಯಮ ಪಾಲಿಸುವುದು ದುಬಾರಿಯಾಗಲು ತಡ ಮಾಡುವುದೇ ಮುಖ್ಯ ಕಾರಣ. ತಾರಸಿಗೆ ಕಾಂಕ್ರೀಟ್ ಬೀಳುವ ಮೊದಲೇ ತೀರ್ಮಾನಿಸಬೇಕಾದ ಸಂಗತಿಗಳು ಹಲವಿವೆ. ಅವನ್ನು ಕೆಲಸದ ಕ್ರಮದಲ್ಲೇ ಇಲ್ಲಿ ಹೇಳಿದೆ.

ಮೊದಲು: ನಿಮ್ಮ ಮನೆಗೆ ಯಾವ ನಿಯಮ ಅನ್ವಯ?

ವಸತಿ ಕಟ್ಟಡಗಳಿಗೆಂದೇ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರ್‌ನಲ್ಲಿ ಇಕೋ ನಿವಾಸ್ ಸಂಹಿತೆಯನ್ನು ಹೊರತಂದಿತು. ಮೊದಲ ಭಾಗದಲ್ಲಿರುವುದು ಗೋಡೆ, ಮಾಡು, ಕಿಟಕಿಯ ಲೆಕ್ಕ. ಪಂಪು, ಲಿಫ್ಟು, ದೀಪ, ಸೋಲಾರ್ ಕುರಿತ ಎರಡನೇ ಭಾಗ 2021ರಲ್ಲಿ ಬಂತು. ಸಂಹಿತೆಯ ವ್ಯಾಪ್ತಿಗೆ ಬರುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನ. ನಮ್ಮ ಕಡೆಯ ಲೆಕ್ಕದಲ್ಲಿ ಅದು ಸುಮಾರು ಹನ್ನೆರಡೂವರೆ ಸೆಂಟ್ಸ್. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆ 100 ಕಿಲೋವ್ಯಾಟ್ ಅಥವಾ ಹೆಚ್ಚಿನ ಸಂಪರ್ಕಿತ ಲೋಡ್ (ಎಲ್ಲ ಉಪಕರಣಗಳ ಒಟ್ಟು ವಿದ್ಯುತ್ ಭಾರ) ಇರುವ ವಸತಿ ಕಟ್ಟಡಗಳನ್ನೂ ಒಳಗೊಳ್ಳುತ್ತದೆ. ಕದ್ರಿ, ಬಿಜೈ, ಮಣಿಪಾಲದ ಬಹುಮಹಡಿ ಅಪಾರ್ಟ್‌ಮೆಂಟುಗಳನ್ನು ಕಟ್ಟುವವರು ಇದನ್ನು ಗಮನಿಸಬೇಕು.

ಐದಾರು ಸೆಂಟ್ಸಿನಲ್ಲಿ ಸ್ವಂತ ಮನೆ ಕಟ್ಟುವವರಿಗೆ ಸಂಹಿತೆಯ ಒತ್ತಾಯವಿಲ್ಲ. ಹಾಗಿದ್ದರೂ ಅದರ ನಾಲ್ಕು ಅಂಕಿಗಳನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಮನೆ ತಂಪಾಗಿರುತ್ತದೆ, ಹಾಗಾಗಿ ಮುಂದೆ ಅವನ್ನೇ ಬಳಸಿದ್ದೇವೆ. ಸಣ್ಣ ಮನೆಗಳಿಗೂ ನೇರವಾಗಿ ತಟ್ಟುವ ನಿಯಮಗಳು ಬೇರೆ. ಪಾಲಿಕೆ, ನಗರಸಭೆ, ಪುರಸಭೆಗಳ ವ್ಯಾಪ್ತಿಯಲ್ಲಿ 1,200 ಚದರಡಿ ಅಂದರೆ ಸುಮಾರು ಎರಡು ಮುಕ್ಕಾಲು ಸೆಂಟ್ಸ್ ಅಥವಾ ಹೆಚ್ಚಿನ ಜಾಗದಲ್ಲಿ, 600 ಚದರಡಿ ಮೇಲ್ಪಟ್ಟ ಮನೆ ಕಟ್ಟಿದರೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ. ಇದು 2007ರಿಂದಲೇ ಇರುವ ರಾಜ್ಯದ ಆದೇಶ. ಪರವಾನಗಿ ನಕ್ಷೆಯಲ್ಲಿ ಮಳೆಕೊಯ್ಲಿನ ವ್ಯವಸ್ಥೆಯನ್ನೂ ತೋರಿಸಬೇಕು.

ನಕ್ಷೆಯಲ್ಲಿ ಇಂಗುಗುಂಡಿ ಬರೆಸಿ, ಜಾಗದಲ್ಲಿ ಮಾಡಿಸದೆ ಬಿಡುವವರು ಬಹಳ. ಈಗ ಅದು ಅಪಾಯ. ಪೂರ್ಣತಾ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಆ ಪ್ರಮಾಣಪತ್ರ ಸಿಗಬೇಕಾದರೆ ಕಾಗದದಲ್ಲಿ ಇರುವುದು ಜಾಗದಲ್ಲೂ ಇರಬೇಕು. ಗುಂಡಿ, ಪೈಪು, ಹೀಟರಿನ ಫೋಟೋಗಳನ್ನು ಮಣ್ಣು ಮುಚ್ಚುವ ಮೊದಲೇ ತೆಗೆದಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಯಾರಿಗೂ ತೋರಿಸಲಾಗದು.

ಸಮುದ್ರ ಅಥವಾ ನೇತ್ರಾವತಿ, ಗುರುಪುರ, ಸ್ವರ್ಣಾ ನದಿಗಳ ಉಬ್ಬರ ಮುಟ್ಟುವ ಭಾಗಕ್ಕೆ ಜಾಗ ಹತ್ತಿರವಿದ್ದರೆ, ಇದೆಲ್ಲಕ್ಕಿಂತ ಮುಂಚೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಸರ್ವೆ ನಂಬರ್ ಎಲ್ಲಿ ಬರುತ್ತದೆ ಎಂದು ನೋಡಿಸಿ. ಅಲ್ಲಿ ಅನುಮತಿ ಇಲ್ಲವಾದರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ಕಿಟಕಿ: ಅಳತೆಗಿಂತ ತೆರೆಯುವ ಜಾಗ ಮುಖ್ಯ

ಕರಾವಳಿಯನ್ನು ಸಂಹಿತೆ ಬಿಸಿ–ತೇವದ ವಲಯ ಎಂದು ಗುರುತಿಸಿದೆ. ದೇಶದ ಐದು ಹವಾಮಾನ ವಲಯಗಳಲ್ಲಿ ಗಾಳಿಗೆ ಅತಿ ಹೆಚ್ಚು ಜಾಗ ಕೇಳಿರುವುದು ಇಲ್ಲಿಗೇ. ಕಾರ್ಪೆಟ್ ವಿಸ್ತೀರ್ಣದ (ಗೋಡೆ ಬಿಟ್ಟು ಒಳಗಿನ ನೆಲದ) ಶೇ. 16.66ರಷ್ಟು, ಅಂದರೆ ಆರನೇ ಒಂದು ಭಾಗ, ತೆರೆಯುವ ಕಿಟಕಿ ಇರಬೇಕು. 1,000 ಚದರಡಿ ಮನೆಗೆ ಸುಮಾರು 167 ಚದರಡಿ.

ಇಲ್ಲಿ ಹೆಚ್ಚಿನವರು ತಪ್ಪುವುದು ಸ್ಲೈಡಿಂಗ್ ಕಿಟಕಿಯಿಂದ. ಎರಡು ಪಲ್ಲೆಯ (ಕದದ) ಸ್ಲೈಡಿಂಗ್ ಕಿಟಕಿಯಲ್ಲಿ ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತದೆ, ಹಾಗಾಗಿ ಸಂಹಿತೆ ಶೇ. 50 ಮಾತ್ರ ಲೆಕ್ಕ ಹಿಡಿಯುತ್ತದೆ. ಮೂರು ಪಲ್ಲೆಯದಾದರೆ ಶೇ. 67, ಹೊರಗೆ ತೆರೆಯುವ ಬಾಗಿಲಿನಂಥ ಕಿಟಕಿಗೆ ಶೇ. 90. 4 ಅಡಿಗೆ 4 ಅಡಿಯ ಕಿಟಕಿ 16 ಚದರಡಿ. ಸ್ಲೈಡಿಂಗ್ ಹಾಕಿದರೆ 8 ಚದರಡಿ ಲೆಕ್ಕಕ್ಕೆ, ಹಳೆಯ ಮಾದರಿಯ ಪಲ್ಲೆ ಹಾಕಿದರೆ 14.4. ಹತ್ತು–ಹನ್ನೆರಡಡಿಯ ಮಲಗುವ ಕೋಣೆಗೆ ಈ ಲೆಕ್ಕದಲ್ಲಿ 20 ಚದರಡಿ ಬೇಕು. ಎರಡು ಗೋಡೆಗೆ ಒಂದೊಂದು ಪಲ್ಲೆ ಕಿಟಕಿ ಇಟ್ಟರೆ 28.8 ಸಿಗುತ್ತದೆ, ಗಾಳಿ ಅಡ್ಡ ಹಾಯುತ್ತದೆ. ಅದೇ ಎರಡು ಕಿಟಕಿ ಸ್ಲೈಡಿಂಗ್ ಆದರೆ 16, ಸಾಲದು. ಬಾಲ್ಕನಿಗೆ ತೆರೆಯುವ ಬಾಗಿಲು, ಮೇಲಿನ ವೆಂಟಿಲೇಟರ್ ಕೂಡ ಲೆಕ್ಕಕ್ಕೆ ಸೇರುತ್ತವೆ. ಅಪಾರ್ಟ್‌ಮೆಂಟಿನ ಕಾರಿಡಾರಿಗೆ ತೆರೆಯುವ ಬಾಗಿಲು ಸೇರುವುದಿಲ್ಲ.

ಪಶ್ಚಿಮದ ಗೋಡೆಯಲ್ಲಿ ನಿಜವಾದ ಇಕ್ಕಟ್ಟು ಇದೆ. ಮಧ್ಯಾಹ್ನದ ಕಡಲ ಗಾಳಿ ಬರುವುದು ಅಲ್ಲಿಂದ, ಇಳಿಬಿಸಿಲು ಬೀಳುವುದೂ ಅಲ್ಲೇ, ಆಟಿ ತಿಂಗಳಲ್ಲಿ ಮಳೆ ಬಡಿಯುವುದೂ ಅದೇ ದಿಕ್ಕಿನಿಂದ. ದೊಡ್ಡ ಗಾಜಿನ ಕಿಟಕಿ ಇಟ್ಟರೆ ಬೇಸಿಗೆಯಲ್ಲಿ ಕೋಣೆ ಕಾಯುತ್ತದೆ, ಮಳೆಗಾಲದಲ್ಲಿ ನೀರು ನುಗ್ಗುತ್ತದೆ. ಗೋಡೆ ಮುಚ್ಚಿಬಿಟ್ಟರೆ ಗಾಳಿಯೇ ಇಲ್ಲ. ಒಳ್ಳೆಯ ಪರಿಹಾರ ಹಳೆ ಮನೆಗಳ ಜಗಲಿಯದೇ: ಐದಾರು ಅಡಿ ಆಳದ ಮಾಡಿನ ಕೆಳಗೆ ಎರಡು ಮೂರು ಸಣ್ಣ ಕಿಟಕಿ, ಅವುಗಳ ಮೇಲೆ ವೆಂಟಿಲೇಟರ್. ಜಗಲಿಗೆ ಜಾಗವಿಲ್ಲದಿದ್ದರೆ ಕನಿಷ್ಠ ಎರಡೂವರೆ–ಮೂರು ಅಡಿ ಸನ್‌ಶೇಡ್, ಜೊತೆಗೆ ಮರದ್ದೋ ಅಲ್ಯೂಮಿನಿಯಮಿನದ್ದೋ ಓರೆ ಪಟ್ಟಿಗಳು. ದಕ್ಷಿಣದ ಸೂರ್ಯ ಡಿಸೆಂಬರಿನಲ್ಲೂ ನಡುಹಗಲಲ್ಲಿ ಎತ್ತರದಲ್ಲೇ ಇರುತ್ತಾನೆ, ಹಾಗಾಗಿ ಅತ್ತ ಎರಡಡಿ ಸನ್‌ಶೇಡ್ ಬಿಸಿಲಿಗೆ ಸಾಕು. ಮಳೆಗೆ ಅದಕ್ಕಿಂತ ಅರ್ಧ ಅಡಿ ಹೆಚ್ಚಿದ್ದರೆ ಒಳ್ಳೆಯದು.

ಬಿಸಿಲು ತಡೆಯಲು ಕಪ್ಪು ಗಾಜು ಹಾಕಿಸುವ ಮುನ್ನ ಯೋಚಿಸಿ. ಗೋಡೆಯ ಶೇ. 30ರವರೆಗೆ ಕಿಟಕಿ ಇರುವ ಮನೆಯಲ್ಲಿ ಗಾಜು ಕನಿಷ್ಠ ಶೇ. 27 ಬೆಳಕನ್ನು ಒಳಬಿಡಬೇಕೆಂಬ ಮಿತಿ ಇದೆ. ಮಳೆಗಾಲದ ಮೋಡದ ದಿನಗಳಲ್ಲಿ ಕಪ್ಪು ಗಾಜಿನ ಮನೆಯಲ್ಲಿ ಹಗಲೇ ದೀಪ ಉರಿಸಬೇಕಾಗುತ್ತದೆ.

ಗೋಡೆ: ಕೆಂಪು ಕಲ್ಲಿಗೆ ಲೆಕ್ಕ ಹಾಕಿ ನೋಡುವುದು

ಗೋಡೆ ಮತ್ತು ಕಿಟಕಿ ಸೇರಿ ಒಳಗೆ ಬಿಡುವ ಶಾಖವನ್ನು ಆರ್‌ಇಟಿವಿ ಎಂಬ ಒಂದೇ ಅಂಕಿಯಲ್ಲಿ ಅಳೆಯುತ್ತಾರೆ. ಅದು ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ನಮ್ಮ ವಲಯಕ್ಕೆ ಸೂತ್ರದ ಗುಣಕಗಳು 5.15, 1.31 ಮತ್ತು 65.21. ಮೊದಲನೆಯದು ಗೋಡೆಯ ಮೂಲಕ ಹಾಯುವ ಶಾಖಕ್ಕೆ, ಎರಡನೆಯದು ಗಾಜಿನ ಮೂಲಕ ಹಾಯುವ ಶಾಖಕ್ಕೆ, ಮೂರನೆಯದು ಗಾಜಿನೊಳಗೆ ನೇರ ಬೀಳುವ ಬಿಸಿಲಿಗೆ. ಮೂರನೆಯ ಅಂಕಿಯ ಗಾತ್ರ ನೋಡಿದರೇ ಸನ್‌ಶೇಡ್ ಏಕೆ ಮುಖ್ಯ ಎಂದು ತಿಳಿಯುತ್ತದೆ.

ಒಂದು ಉದಾಹರಣೆ. ಒಂಬತ್ತು ಇಂಚಿನ ಕೆಂಪು ಕಲ್ಲಿನ ಗೋಡೆ, ಅದರ ಯು ಮೌಲ್ಯ 2.5 ಎಂದಿಟ್ಟುಕೊಳ್ಳಿ. ಯು ಮೌಲ್ಯವೆಂದರೆ ಶಾಖ ದಾಟುವ ವೇಗ, ಕಡಿಮೆ ಇದ್ದಷ್ಟೂ ಒಳ್ಳೆಯದು. ಹೊರಗೋಡೆಯ ಶೇ. 10ರಷ್ಟು ಸಾದಾ ಒಂಟಿ ಗಾಜು, ಅದರ ಯು ಮೌಲ್ಯ 5.8. ಸಣ್ಣ ಸನ್‌ಶೇಡ್ ಇದ್ದು, ಬಿದ್ದ ಬಿಸಿಲಿನಲ್ಲಿ ಶೇ. 55 ಒಳಬರುತ್ತದೆ ಎಂದುಕೊಳ್ಳಿ. ನಾಲ್ಕೂ ದಿಕ್ಕು ಸಮನಾಗಿದ್ದರೆ ದಿಕ್ಕಿನ ಗುಣಕ ಸರಾಸರಿ ಒಂದರ ಹತ್ತಿರ. ಗೋಡೆಯಿಂದ 11.6 (5.15 × 0.9 × 2.5), ಗಾಜಿನಿಂದ 0.8 (1.31 × 0.1 × 5.8), ಬಿಸಿಲಿನಿಂದ 3.6 (65.21 × 0.1 × 0.55), ಒಟ್ಟು 16. ಮಿತಿ ಮೀರಿತು. ಸನ್‌ಶೇಡ್ ಉದ್ದ ಮಾಡಿ ಒಳಬರುವ ಬಿಸಿಲನ್ನು ಶೇ. 40ಕ್ಕೆ ಇಳಿಸಿದರೆ ಮೊತ್ತ 15ರೊಳಗೆ ಬರುತ್ತದೆ. ಅದೇ ಗೋಡೆಯಲ್ಲಿ ಗಾಜನ್ನು ಶೇ. 20ಕ್ಕೆ ಏರಿಸಿ ಸಣ್ಣ ಸನ್‌ಶೇಡನ್ನೇ ಉಳಿಸಿಕೊಂಡರೆ 19ಕ್ಕೆ ಹೋಗಿ ನಿಲ್ಲುತ್ತದೆ.

200 ಮಿ.ಮೀ. ಎಎಸಿ ಬ್ಲಾಕಿನ (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕಿನ) ಗೋಡೆಯ ಯು ಮೌಲ್ಯ ಸುಮಾರು 0.77. ಅದರಲ್ಲಿ ಮೊದಲ ಉದಾಹರಣೆಯ ಮನೆ 8ಕ್ಕೆ ಇಳಿಯುತ್ತದೆ. ಹಾಗೆಂದು ಎಲ್ಲ ಗೋಡೆಗೂ ಎಎಸಿ ಹಾಕಬೇಕೆಂದಿಲ್ಲ. ಕೆಂಪು ಕಲ್ಲು ಇಲ್ಲೇ ಸಿಗುತ್ತದೆ, ಸುಡುವ ಕೆಲಸವಿಲ್ಲ, ಕೆಡವಿದರೆ ಮತ್ತೆ ಕಟ್ಟಬಹುದು. ದಿಕ್ಕಿನ ಗುಣಕ ಪೂರ್ವ, ಪಶ್ಚಿಮಕ್ಕೆ 1.15ರಷ್ಟಿದ್ದರೆ ಉತ್ತರಕ್ಕೆ ಬರೀ 0.66. ಬಿಸಿಲು ಬೀಳುವ ಪಡುಗೋಡೆಗೆ ಮಾತ್ರ ಎಎಸಿ, ಉಳಿದದ್ದಕ್ಕೆ ಕೆಂಪು ಕಲ್ಲು ಎಂಬುದು ಖರ್ಚಿಗೂ ಲೆಕ್ಕಕ್ಕೂ ಹೊಂದುವ ದಾರಿ. ಎಎಸಿ ಬ್ಲಾಕು ನೀರು ಹೀರುತ್ತದೆ. ಪಡುಮಳೆಗೆ ಒಡ್ಡಿದ ಗೋಡೆಯಾದರೆ ಹೊರಗಾರೆಯಲ್ಲಿ ಜಾಲರಿ, ಜಲನಿರೋಧಕ, ಮೇಲೆ ಬಿರುಕು ಬಿಡದ ಬಣ್ಣ ಬೇಕೇ ಬೇಕು. ಎರಡು ಬಗೆಯ ಗೋಡೆ ಕೂಡುವ ಮೂಲೆಯಲ್ಲಿ ಎರಡೂ ಕಡೆ ಆರಾರು ಇಂಚು ಜಾಲರಿ ಹಾಕದಿದ್ದರೆ ಮೊದಲ ವರ್ಷವೇ ಗೆರೆ ಬೀಳುತ್ತದೆ.

ಗಾರೆಗೆ ಹೊಳೆ ಬಾಗಿಲಿನ ಹತ್ತಿರದ ಹೊಯಿಗೆ ತರಿಸುವುದಾದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ. ಗೋಡೆಗೆ ಬಿಳಿ ಹುಡಿ ಬರುವುದು, ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಸಿಪ್ಪೆ ಏಳುವುದು ಇದರಿಂದಲೇ. ಹಾರುಬೂದಿ ಬೆರೆತ ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟ್ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಅದನ್ನು ತಯಾರಿಸಲು ತಗಲುವ ಇಂಧನವೂ ಕಡಿಮೆ. ಕ್ಯೂರಿಂಗ್ ಮಾತ್ರ ಹತ್ತು ದಿನಕ್ಕಿಂತ ಕಡಿಮೆ ಆಗಬಾರದು.

ಮಾಡು: ಹಣ ಹಾಕುವುದಾದರೆ ಇಲ್ಲಿ ಹಾಕಿ

ಮಾಡಿನ ಯು ಮೌಲ್ಯ 1.2 ಮೀರಬಾರದು. ಬರಿಯ 150 ಮಿ.ಮೀ. ಕಾಂಕ್ರೀಟ್ ಸ್ಲ್ಯಾಬಿನದು 3.5ರ ಆಸುಪಾಸು, ಅಂದರೆ ಮಿತಿಯ ಮೂರು ಪಟ್ಟು. ರಾತ್ರಿ ಹತ್ತು ಗಂಟೆಗೂ ಮೇಲಿನ ಮಹಡಿಯ ಫ್ಯಾನು ಬಿಸಿಗಾಳಿ ಬೀಸಲು ಇದೇ ಕಾರಣ: ಹಗಲೆಲ್ಲ ಕಾದ ಕಾಂಕ್ರೀಟು ಕತ್ತಲಾದ ಮೇಲೆ ಶಾಖ ಬಿಡುತ್ತಿರುತ್ತದೆ.

ಲೆಕ್ಕಕ್ಕೆ 25 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ ಸಾಕು. 50 ಮಿ.ಮೀ. ಹಾಕಿದರೆ ಯು ಮೌಲ್ಯ 0.5ರ ಹತ್ತಿರಕ್ಕೆ ಇಳಿಯುತ್ತದೆ, ಕೂಲಿಯಲ್ಲಿ ವ್ಯತ್ಯಾಸವಿಲ್ಲ, ಆದ್ದರಿಂದ 50ನ್ನೇ ಹಾಕಿಸಿ. ಕ್ರಮ ತಪ್ಪಬಾರದು. ಮೊದಲು ಸ್ಲ್ಯಾಬಿನ ಮೇಲೆ ನೀರು ಹರಿಯುವ ಇಳಿಜಾರು, ನೂರಕ್ಕೆ ಒಂದಕ್ಕಿಂತ ಕಡಿಮೆ ಬೇಡ. ಅದರ ಮೇಲೆ ಜಲನಿರೋಧಕ ಪದರ, ಪ್ಯಾರಪೆಟ್ ಗೋಡೆಗೆ ಒಂದಡಿ ಹತ್ತಿಸಿ. ನೀರು ಕಟ್ಟಿ ಎರಡು ದಿನ ಬಿಟ್ಟು ಕೆಳಗೆ ಒಸರುತ್ತದೆಯೇ ನೋಡಿ. ಆಮೇಲೆ ಎಕ್ಸ್‌ಪಿಎಸ್ ಹಲಗೆಗಳನ್ನು ಸಂದಿಲ್ಲದಂತೆ ಒತ್ತಿ ಕೂರಿಸಿ, ಸಂದಿಗೆ ಟೇಪು ಹಚ್ಚಿ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲೆ ಕೋಳಿಬಲೆ ಹಾಕಿದ 40–50 ಮಿ.ಮೀ. ಕಾಂಕ್ರೀಟ್. ಈ ಕಾಂಕ್ರೀಟನ್ನು ಮೂರು ಮೀಟರಿಗೊಮ್ಮೆ ಸಂದು ಬಿಟ್ಟು ಹಾಕಿಸಿ. ಸಂದು ಬಿಡದಿದ್ದರೆ ಏಪ್ರಿಲ್ ಬಿಸಿಲಿಗೆ ಹಿಗ್ಗಿ ಅದೇ ತನ್ನ ದಾರಿ ಕಂಡುಕೊಂಡು ಒಡೆಯುತ್ತದೆ.

ಎಕ್ಸ್‌ಪಿಎಸ್ ಬದಲು ಅಗ್ಗವೆಂದು ಸಾದಾ ಥರ್ಮಕೋಲ್ ಹಾಕುವವರಿದ್ದಾರೆ. ನಮ್ಮ ಮಳೆಗೆ ಅದು ನೀರು ಕುಡಿಯುತ್ತದೆ. ನೀರು ಕುಡಿದ ಥರ್ಮಕೋಲ್ ಶಾಖ ತಡೆಯುವುದಿಲ್ಲ, ಒಣಗುವುದೂ ಇಲ್ಲ. ಜಲನಿರೋಧಕವನ್ನು ಎಲ್ಲಕ್ಕಿಂತ ಮೇಲೆ ಮಾತ್ರ ಬಳಿದರೂ ಹೀಗೆಯೇ. ಅದರಲ್ಲಿ ಒಂದು ಬಿರುಕು ಬಿದ್ದರೆ ನೀರು ಕೆಳಗಿಳಿದು ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಸೋರುವ ಜಾಗವೊಂದು, ಕೆಟ್ಟ ಜಾಗವೊಂದು ಆಗಿ ಹುಡುಕುವುದೇ ಕಷ್ಟ.

ಬಿಳಿ ಕೂಲ್‌ರೂಫ್ ಬಣ್ಣ ಒಳನಾಡಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಕಪ್ಪಾಗುತ್ತದೆ, ಕಪ್ಪಾದ ಮಾಡು ಬಿಸಿಲನ್ನು ಹಿಂದಕ್ಕೆ ಎಸೆಯುವುದಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಉಜ್ಜಿ ತೊಳೆಯುವುದು, ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯುವುದು ಸಾಧ್ಯವಿದ್ದರೆ ಮಾತ್ರ ಅದನ್ನು ನಂಬಿ.

ತಾರಸಿಯ ಮೇಲೆ ಕಬ್ಬಿಣದ ಟ್ರಸ್, ಅದರ ಮೇಲೆ ಶೀಟು. ಇದು ಈಗ ಎರಡೂ ಜಿಲ್ಲೆಗಳಲ್ಲಿ ಮನೆಮನೆಗೂ ಬಂದಿದೆ, ಸೋರಿಕೆಗೂ ಬಿಸಿಲಿಗೂ ಒಟ್ಟಿಗೆ ಮದ್ದು. ಅದು ಕೆಲಸ ಮಾಡುವುದು ನೆರಳಿನಿಂದ ಮತ್ತು ನಡುವೆ ಹಾಯುವ ಗಾಳಿಯಿಂದ. ಬದಿಗಳನ್ನು ಮುಚ್ಚಿದರೆ ಶೀಟಿನ ಕೆಳಗೆ ಬಿಸಿಗಾಳಿ ನಿಂತು ಪ್ರಯೋಜನ ಅರ್ಧಕ್ಕಿಳಿಯುತ್ತದೆ. ನಾಲ್ಕೂ ಕಡೆ ಗೋಡೆ ಎಬ್ಬಿಸಿದರೆ ಅದು ಇನ್ನೊಂದು ಮಹಡಿಯೇ ಆಗುತ್ತದೆ, ಪರವಾನಗಿಯ ಪ್ರಶ್ನೆ ಬರುತ್ತದೆ. ಶೀಟು ತಿಳಿ ಬಣ್ಣದ್ದಾಗಿರಲಿ. ಬೋಲ್ಟಿನ ವಾಷರ್‌ಗಳನ್ನು ಮೇ ತಿಂಗಳಲ್ಲಿ ಪ್ರತಿವರ್ಷ ನೋಡಿ, ಶೀಟು ಹಾರುವುದು ಅಲ್ಲಿಂದಲೇ.

ಓರೆ ಸ್ಲ್ಯಾಬಿನ ಮೇಲೆ ಹಂಚನ್ನು ಗಾರೆಯಲ್ಲಿ ಅಂಟಿಸುವುದರಿಂದ ಮನೆ ಹಂಚಿನ ಮನೆಯಂತೆ ಕಾಣುತ್ತದೆ, ಆದರೆ ಹಾಗೆ ತಂಪಾಗುವುದಿಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುಮಾಡಿದ ಮಂಗಳೂರು ಹಂಚಿನ ಗುಣವೆಂದರೆ ಹಂಚುಗಳ ನಡುವಿನ ಸಂದಿನಲ್ಲಿ ಬಿಸಿಗಾಳಿ ಹೊರಹೋಗುವುದು. ಅಂಟಿಸಿದಾಗ ಆ ಗುಣವೇ ಹೋಯಿತು. ಹಂಚೇ ಬೇಕಾದರೆ ಸ್ಲ್ಯಾಬಿನ ಮೇಲೆ ರೀಪು (ಮರದ ಪಟ್ಟಿ) ಹೊಡೆದು ಎರಡು ಇಂಚು ಗಾಳಿ ಬಿಟ್ಟು ಹೊದಿಸಿ, ಕೆಳಗಿನ ಅಂಚು ಮತ್ತು ಮೇಲಿನ ಏಣು ಎರಡೂ ಕಡೆ ಗಾಳಿಗೆ ದಾರಿ ಇರಲಿ.

ಮಳೆನೀರು: ಇಂಗಿಸುವ ಮೊದಲು ಮಣ್ಣು ನೋಡಿ

ವರ್ಷಕ್ಕೆ 3,500 ಮಿ.ಮೀ. ಮಳೆ ಎಂದು ಹಿಡಿದರೂ 1,000 ಚದರಡಿ ಮಾಡಿನಿಂದ, ಪೋಲಾಗುವುದನ್ನು ಕಳೆದು, ಸುಮಾರು 2,75,000 ಲೀಟರ್ ನೀರು ಸಿಗುತ್ತದೆ. ಹೀಗಿದ್ದೂ ಏಪ್ರಿಲ್–ಮೇ ಬಂತೆಂದರೆ ಮಂಗಳೂರು ತುಂಬೆಯ ಅಣೆಕಟ್ಟನ್ನು, ಉಡುಪಿ ಬಜೆಯನ್ನು ನೋಡುತ್ತಾ ಕೂರುತ್ತದೆ.

ಪೈಪಿನ ಗಾತ್ರದಿಂದ ಶುರುಮಾಡಿ. ಗಂಟೆಗೆ 100 ಮಿ.ಮೀ. ರಭಸದ ಮಳೆಗೆ ನಾಲ್ಕಿಂಚಿನ ಒಂದು ಪೈಪು ಸುಮಾರು 43 ಚದರ ಮೀಟರ್ ಮಾಡಿನ ನೀರನ್ನು ಇಳಿಸುತ್ತದೆ. 1,000 ಚದರಡಿ ಎಂದರೆ 93 ಚದರ ಮೀಟರ್, ಹಾಗಾಗಿ ಮೂರು ಪೈಪು ಬೇಕು. ಮೂರಿಂಚಿನದು ಹಾಕಿದರೆ ಅದರ ಅರ್ಧವೂ ಆಗದು, ತಾರಸಿ ಕೆರೆಯಾಗುತ್ತದೆ.

ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡಬೇಕು. ಇದಕ್ಕೆ ಒಂದು ಮೀಟರ್ ಉದ್ದದ ಪೈಪಿನ ತುಂಡನ್ನು ಜೋಡಿಸಿ ಬಿಡುವುದುಂಟು. ನಾಲ್ಕಿಂಚಿನ ಪೈಪು ಮೀಟರಿಗೆ ಎಂಟೊಂಬತ್ತು ಲೀಟರ್ ಮಾತ್ರ ಹಿಡಿಯುತ್ತದೆ. ಬೇಕಾದ್ದು 150–200 ಲೀಟರ್. ಅದರ ಬದಲು ಒಂದು ಗೇಟ್‌ವಾಲ್ವ್ ಹಾಕಿ, ಜೂನಿನ ಮೊದಲ ನಾಲ್ಕೈದು ಮಳೆಯ ನೀರನ್ನು ತೋಟಕ್ಕೆ ಬಿಡುವುದು ಸುಲಭ.

ಫಿಲ್ಟರಿಗೆ 200 ಲೀಟರಿನ ಡ್ರಮ್ ಸಾಕು. ತಳದಲ್ಲಿ ಎಂಟಿಂಚು 40 ಮಿ.ಮೀ. ಜಲ್ಲಿ, ಮೇಲೆ ಎಂಟಿಂಚು 20 ಮಿ.ಮೀ. ಜಲ್ಲಿ, ನೈಲಾನ್ ಬಲೆ, ನಾಲ್ಕಿಂಚು ಇದ್ದಿಲು, ಮತ್ತೆ ಬಲೆ, ಮೇಲೆ ಒಂಬತ್ತಿಂಚು ದಪ್ಪ ಹೊಯಿಗೆ. ಜೋರು ಮಳೆಗೆ ಒಂದು ಡ್ರಮ್ 500 ಚದರಡಿಗಿಂತ ಹೆಚ್ಚಿನ ಮಾಡನ್ನು ತಾಳುವುದಿಲ್ಲ. ಮೇಲಿಂದ ಉಕ್ಕುವ ನೀರಿಗೆ ಒಳಬರುವ ಪೈಪಿನಷ್ಟೇ ದೊಡ್ಡ ಪೈಪು ಕೊಟ್ಟು ಇಂಗುಗುಂಡಿಗೆ ಬಿಡಿ, ನೆರೆಮನೆಯ ಅಂಗಳಕ್ಕಲ್ಲ. ಫಿಲ್ಟರಾದ ನೀರು ಬಾವಿಗೆ ಇಳಿಯುವ ಪೈಪು ನೀರಿನ ಮಟ್ಟದ ಹತ್ತಿರಕ್ಕೆ ಹೋಗಲಿ, ಮೇಲಿಂದ ಸುರಿದರೆ ಬಾವಿಯ ಮಣ್ಣು ಜರಿಯುತ್ತದೆ.

ಆಷಾಢದಲ್ಲಿ ಬಾವಿಗಳು ಹೇಗೂ ತುಂಬಿರುತ್ತವೆ, ಆಗ ಇಂಗಿಸಿದ್ದು ಹೆಚ್ಚೇನೂ ಉಳಿಯುವುದಿಲ್ಲ. ಬೇಸಿಗೆಗೆ ಆಸರೆಯಾಗುವುದು ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಮಳೆ. ಆ ಹೊತ್ತಿಗೆ ಫಿಲ್ಟರು ಮೂರು ತಿಂಗಳ ಎಲೆ, ಪಾಚಿಯಿಂದ ಕಟ್ಟಿಕೊಂಡಿರುತ್ತದೆ. ಆದ್ದರಿಂದ ಹೊಯಿಗೆ ತೊಳೆಯುವುದನ್ನು ಮೇಯಲ್ಲಿ ಒಮ್ಮೆ, ಚೌತಿಯ ಹೊತ್ತಿಗೆ ಇನ್ನೊಮ್ಮೆ ಮಾಡಿ.

ಇನ್ನು ಎಚ್ಚರಿಕೆಯ ಮಾತು. ಇಲ್ಲಿ ಗಟ್ಟಿ ಮುರಕಲ್ಲಿನ (ಕೆಂಪು ಕಲ್ಲಿನ) ಕೆಳಗೆ ಬಹಳ ಕಡೆ ಶೇಡಿ ಮಣ್ಣು ಇದೆ. ಒಣಗಿದ್ದಾಗ ಗಟ್ಟಿ, ನೀರು ತುಂಬಿದಾಗ ಬೆಣ್ಣೆ. ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ, ತಡೆಗೋಡೆಯ ಹಿಂದೆ ಅಥವಾ ಬರೆಯ ಅಂಚಿನಲ್ಲಿ ಇಂಗುಗುಂಡಿ ತೋಡಿದರೆ ನೀವೇ ಕೈಯಾರೆ ಗುಡ್ಡ ಕುಸಿಯಲು ದಾರಿ ಮಾಡಿದಂತೆ. ಅಂಥ ಜಾಗದಲ್ಲಿ ನೀರನ್ನು ಟಾಂಕಿಯಲ್ಲಿ ಶೇಖರಿಸಿ, ಉಳಿದದ್ದನ್ನು ಚರಂಡಿಯಲ್ಲಿ ಕೆಳಕ್ಕೆ ಸಾಗಿಸಿ, ತಡೆಗೋಡೆಗೆ ನೀರುಕಂಡಿಗಳನ್ನು ಇಡಿಸಿ. ನಕ್ಷೆಯಲ್ಲೂ ಹಾಗೆಯೇ ತೋರಿಸಿ, ಕಾರಣವನ್ನು ಇಂಜಿನಿಯರಿಂದ ಬರೆಸಿ. ಶೌಚದ ಗುಂಡಿಗೂ ಬಾವಿಗೂ, ನೆರೆಯವರ ಬಾವಿಗೂ 15 ಮೀಟರ್ ಅಂತರ ಬೇಕು. ಐದು ಸೆಂಟ್ಸಿನ ಜಾಗದ ಒಂದು ಬದಿಯೇ ಸುಮಾರು 14 ಮೀಟರ್, ಆದ್ದರಿಂದ ಪಂಚಾಂಗ (ಅಡಿಪಾಯ) ಹಾಕುವ ಮೊದಲೇ ಎರಡನ್ನೂ ಎದುರುಬದುರು ಮೂಲೆಗಳಲ್ಲಿ ಗುರುತು ಮಾಡಿ.

ಸೋಲಾರ್

ವಾಟರ್ ಹೀಟರಿಗೆ ನಾಲ್ಕು ಜನರ ಮನೆಯಲ್ಲಿ 100 ಲೀಟರ್ ಸಾಕು, ನಮ್ಮಲ್ಲಿ ನೀರು ಅಷ್ಟೇನೂ ತಣ್ಣಗಿರುವುದಿಲ್ಲ. ಸ್ಲ್ಯಾಬಿಗೆ ಮುನ್ನವೇ ಮಾಡಿನಿಂದ ಬಚ್ಚಲಿಗೆ ಬಿಸಿನೀರಿನ ಪೈಪು ಬರುವ ದಾರಿ ಗುರುತಿಸಿ. ದಾರಿ 15 ಮೀಟರ್ ಆದರೆ ದಿನವೂ ಬಕೆಟ್ ತಣ್ಣೀರು ಚೆಲ್ಲಬೇಕು. ಮುರಕಲ್ಲಿನ ನೆಲದ ಬಾವಿನೀರು ಹೆಚ್ಚಾಗಿ ಹುಳಿಯ ಕಡೆಗಿರುತ್ತದೆ, ಜಿಐ ಪೈಪನ್ನು, ಸಾದಾ ಟಾಂಕಿಯನ್ನು ತಿನ್ನುತ್ತದೆ. ಮೊದಲು ನೀರಿನ ಪಿಎಚ್ ಪರೀಕ್ಷೆ ಮಾಡಿಸಿ, ಒಳಗೆ ಗಾಜಿನ ಲೇಪವಿರುವ ಟಾಂಕಿ ಮತ್ತು ಸಿಪಿವಿಸಿ ಪೈಪು ಆರಿಸಿ. ಪ್ರೆಶರ್ ಪಂಪ್ ಇದ್ದರೆ ಅದನ್ನು ತಾಳುವ ಮಾದರಿಯೇ ಬೇಕು, ಇಲ್ಲದಿದ್ದರೆ ಟ್ಯೂಬಿನ ರಬ್ಬರ್ ಕಿತ್ತುಬರುತ್ತದೆ. ಮಳೆಗಾಲಕ್ಕೆ ಟಾಂಕಿಯಲ್ಲಿರುವ ವಿದ್ಯುತ್ ಕಾಯಿಲಿಗೆ ಟೈಮರ್ ಹಾಕಿ.

ವಿದ್ಯುತ್ ಪ್ಯಾನೆಲಿಗೆ 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಇದೆ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಮೂರು ಅಥವಾ ಹೆಚ್ಚಿಗೆ ಒಟ್ಟು 78,000. ಅರ್ಜಿಗೆ ಮೆಸ್ಕಾಂ ಬಿಲ್ಲು, ಮೊಬೈಲ್, ಬ್ಯಾಂಕ್ ಖಾತೆ ಬೇಕು. ಬಿಲ್ಲು ತೀರಿಹೋದ ಅಪ್ಪನ ಅಥವಾ ಹಿಂದಿನ ಮಾಲೀಕರ ಹೆಸರಿನಲ್ಲಿದ್ದರೆ ಮೊದಲು ಹೆಸರು ಬದಲಾಯಿಸಿ, ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುವುದು ಅಲ್ಲೇ. ಪೋರ್ಟಲಿನಲ್ಲಿ ನೋಂದಣಿ, ನೋಂದಾಯಿತ ಮಾರಾಟಗಾರರ ಆಯ್ಕೆ, ಅಳವಡಿಕೆ, ಮೆಸ್ಕಾಂ ತಪಾಸಣೆ, ನೆಟ್ ಮೀಟರ್ (ಮೆಸ್ಕಾಂಗೆ ಕೊಟ್ಟ, ಅಲ್ಲಿಂದ ಪಡೆದ ವಿದ್ಯುತ್ ಎರಡನ್ನೂ ಅಳೆಯುವ ಮೀಟರ್), ಆಮೇಲೆ ಸಬ್ಸಿಡಿ ಎಂಬುದು ಕ್ರಮ. ಪ್ಯಾನೆಲಿನ ಕೋಶಗಳು ದೇಶದಲ್ಲೇ ತಯಾರಾದವಾಗಿರಬೇಕು. ಕೊಟೇಶನ್ನಿನಲ್ಲಿ ಅದನ್ನು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುವ ಮನೆಗೆ ಪ್ಯಾನೆಲಿನಿಂದ ಉಳಿಯುವ ಹಣ ಕಡಿಮೆ. ತಿಂಗಳಿಗೆ 200 ಯೂನಿಟ್ ಮೀರಿ ಪೂರ್ತಿ ಬಿಲ್ಲು ಕಟ್ಟುವವರಿಗೆ ಅದು ನಿಜವಾಗಿ ಲಾಭ. ಒಂದು ಕಿಲೋವ್ಯಾಟ್ ಇಲ್ಲಿ ವರ್ಷಕ್ಕೆ ಸುಮಾರು 1,300–1,400 ಯೂನಿಟ್ ಕೊಡುತ್ತದೆ, ಜುಲೈಯಲ್ಲಿ ದಿನಕ್ಕೆ ಎರಡು ಎರಡೂವರೆಗೆ ಇಳಿಯುತ್ತದೆ. ವರ್ಷದ ಬಳಕೆಯನ್ನು ಕೂಡಿಸಿ ಗಾತ್ರ ಆರಿಸಿ, ಏಪ್ರಿಲಿನ ಬಿಲ್ಲು ನೋಡಿ ಅಲ್ಲ.

ತೆಂಗಿನ ಮರದ ನೆರಳನ್ನು ಡಿಸೆಂಬರಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ನೋಡಿ. ಸರಣಿಯಲ್ಲಿ ಜೋಡಿಸಿದ ಪ್ಯಾನೆಲುಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆ ಕುಸಿಯುತ್ತದೆ. ನೆರಳು ತಪ್ಪದಿದ್ದರೆ ಪ್ಯಾನೆಲಿಗೊಂದರಂತೆ ಹಾಕುವ ಮೈಕ್ರೋ ಇನ್ವರ್ಟರ್ ಕೇಳಿ. ದಕ್ಷಿಣಕ್ಕೆ 10–15 ಡಿಗ್ರಿ ಓರೆ ಸಾಕು, ಮಳೆಯೇ ತೊಳೆಯುತ್ತದೆ. ಉಪ್ಪುಗಾಳಿಗೆ ಐಇಸಿ 61701 ಪರೀಕ್ಷೆ ಮುಗಿಸಿದ ಪ್ಯಾನೆಲ್, 80 ಮೈಕ್ರಾನ್ ಹಾಟ್‌ಡಿಪ್ ಗ್ಯಾಲ್ವನೈಸ್ ಆದ ಸ್ಟ್ಯಾಂಡು, ಸ್ಟೇನ್‌ಲೆಸ್ ಬೋಲ್ಟು ಬೇಕು. ಸ್ಟ್ಯಾಂಡನ್ನು ಜಾಗದಲ್ಲೇ ಕತ್ತರಿಸಿ ವೆಲ್ಡ್ ಮಾಡಿದರೆ ಲೇಪ ಸುಟ್ಟು, ತುಕ್ಕು ಅಲ್ಲಿಂದ ಶುರುವಾಗುತ್ತದೆ. ಮಲ್ಪೆ, ಉಳ್ಳಾಲ, ಪಣಂಬೂರಿನ ಕಡಲಂಚಿನಲ್ಲಿ ಬೋಲ್ಟು 316 ದರ್ಜೆಯದ್ದೇ ಇರಲಿ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಡಿಸಿ, ಎಸಿ ಎರಡೂ ಬದಿ ಸರ್ಜ್ ರಕ್ಷಕ, ಮೂರು ಪ್ರತ್ಯೇಕ ಅರ್ತಿಂಗ್ ಬೇಕು. ಮುರಕಲ್ಲಿನಲ್ಲಿ ಸಾದಾ ಅರ್ತಿಂಗ್ ಬೇಸಿಗೆಗೆ ಒಣಗುತ್ತದೆ. ರಾಸಾಯನಿಕ ಅರ್ತಿಂಗ್ ಮಾಡಿಸಿ, ರೋಧವನ್ನು ಮೇ ತಿಂಗಳಲ್ಲಿ ಅಳೆಸಿ.

ಫ್ಯಾನಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುವುದು ಸರಿ. ಹಳೆಯ ಫ್ಯಾನು 75 ವ್ಯಾಟ್, ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30. ಆರು ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 97 ಯೂನಿಟ್ ಉಳಿಯುತ್ತದೆ. 200ರ ಗಡಿಯ ಆಚೆ ಈಚೆ ಓಲಾಡುವ ಮನೆಗೆ ಪ್ಯಾನೆಲಿಗಿಂತ ಮೊದಲು ಮಾಡಬೇಕಾದ ಕೆಲಸ ಇದು.

ಹಳೆ ಮನೆ ರಿಪೇರಿ

ಹೊಸ ಮನೆಯ ಕ್ರಮ ಇಲ್ಲಿ ಹೊಂದುವುದಿಲ್ಲ. ಸೋರುವುದನ್ನು ನಿಲ್ಲಿಸಿ, ಮಾಡಿಗೆ ಶಾಖ ತಡೆ ಕೊಡಿ, ಕಿಟಕಿ ಸರಿಮಾಡಿ, ಪ್ಯಾನೆಲ್ ಕೊನೆಗೆ. ಪ್ಯಾನೆಲ್ ಕೂರಿಸಿದ ಮೇಲೆ ಜಲನಿರೋಧಕ ಕೆಲಸ ಮಾಡಿಸುವುದೆಂದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟುವುದು. ಬಣ್ಣ, ಹಂಚು ಬದಲಾವಣೆಯಂಥ ದುರಸ್ತಿಗೂ ಗೋಡೆ ಕೆಡವಿ ಮಹಡಿ ಏರಿಸುವುದಕ್ಕೂ ವ್ಯತ್ಯಾಸವಿದೆ, ಎರಡನೆಯದಕ್ಕೆ ಹೊಸ ಪರವಾನಗಿ ಬೇಕು. ಕೆಂಪು ಕಲ್ಲಿನ ಹಳೆಯ ಗೋಡೆಯ ಮೇಲೆ ಸ್ಲ್ಯಾಬಿನ ಭಾರ ಹೊರಿಸುವ ಮುನ್ನ ಸ್ಟ್ರಕ್ಚರಲ್ ಇಂಜಿನಿಯರು ಪಂಚಾಂಗ ಬಿಚ್ಚಿ ನೋಡಲಿ.

ಹಂಚಿನ ಮನೆಯಾದರೆ ಕೆಡವುವ ಯೋಚನೆ ಮಾಡುವ ಮೊದಲು ಪಕ್ಕಾಸು (ಮಾಡಿನ ಓರೆ ಮರಗಳು), ರೀಪುಗಳನ್ನು ಚೂರಿಯಿಂದ ಚುಚ್ಚಿ ನೋಡಿ. ಮರ ಗಟ್ಟಿಯಿದ್ದರೆ ಒಡೆದ ಹಂಚು ಬದಲಿಸಿ, ಕೆಳಗೆ ಸೀಲಿಂಗ್ ಹಂಚಿನ ಇನ್ನೊಂದು ಪದರ ಕೊಡಿ. ಎರಡರ ನಡುವಿನ ಗಾಳಿಯೇ ಶಾಖ ತಡೆ. ಕತ್ತಲ ಕೋಣೆಗೆ ಉತ್ತರದ ಇಳಿಜಾರಿನಲ್ಲಿ ಎರಡು ಮೂರು ಗಾಜಿನ ಹಂಚು ಸಾಕು.

ಕೊಟ್ಟಿಗೆ, ಹಿಂಬದಿ ಚಪ್ಪರದ ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರಬಹುದು. ಅವನ್ನು ಒಡೆಯಬೇಡಿ, ಗರಗಸ ಹಾಕಬೇಡಿ, ಪ್ಯಾನೆಲಿಗಾಗಿ ತೂತು ಕೊರೆಯಬೇಡಿ, ಅದರ ಹುಡಿ ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು, ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಕೆಲಸದವರು ಬೆಳಗ್ಗೆ ಬಂದು ಸುತ್ತಿಗೆ ಎತ್ತುವ ಮೊದಲೇ ಇದನ್ನು ಅವರಿಗೆ ತಿಳಿಸಿ ಹೇಳಿ, ಮಾಸ್ಕನ್ನು ನೀವೇ ತಂದುಕೊಡಿ.